ಬ್ಯೂರೆಟ್ಟೂ ಇಲ್ಲ, ತಕ್ಕಡಿಯೂ ಇಲ್ಲ; ಬರೀ ವಿದ್ಯುತ್ ಅಳೆದು ವಸ್ತು ಎಷ್ಟಿದೆ ಎಂದು ಹೇಳುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಹರಿದ ವಿದ್ಯುದಾವೇಶದಿಂದ ವಸ್ತುವಿನ ಪ್ರಮಾಣ ಹೇಗೆ ಸಿಗುತ್ತದೆ? ಬ್ಯೂರೆಟ್ ಎಂಬ ಅಳತೆಗೊಳವೆಯಿಂದ ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಸದೆ ಬಂದ ಆ ಉತ್ತರವನ್ನು ನಂಬುವುದು ಹೇಗೆ? ಈ ವಿಧಾನದ ಹೆಸರು ಕೂಲಾಮೆಟ್ರಿ. ಮೊದಲನೆಯ ಪ್ರಶ್ನೆ ಸುಲಭ. ಎರಡನೆಯದರ ಬಗ್ಗೆಯೇ ನನಗೆ ಹೇಳುವುದು ಹೆಚ್ಚಿದೆ, ಏಕೆಂದರೆ ತೇವಾಂಶ ಅಳೆಯುವ ಕೂಲಾಮೀಟರ್ ನನ್ನ ದಿನನಿತ್ಯದ ಕೆಲಸ.

ಎಲೆಕ್ಟ್ರೋಡಿನಲ್ಲಿ ನಡೆಯುವ ರಾಸಾಯನಿಕ ಬದಲಾವಣೆ ಹರಿದ ಆವೇಶಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂದು ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ತೋರಿಸಿಕೊಟ್ಟರು. ಒಂದು ಮೋಲ್ ಎಲೆಕ್ಟ್ರಾನುಗಳ ಆವೇಶ ಸುಮಾರು 96,485 ಕೂಲಾಂ; ಇದೇ ಫ್ಯಾರಡೆ ಸ್ಥಿರಾಂಕ. ವಿಟಮಿನ್ ಸಿ ಇರುವ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಮತ್ತು ಸ್ವಲ್ಪ ಪಿಷ್ಟ ಹಾಕಿ 10 ಮಿಲಿಆಂಪಿಯರ್ ಹರಿಸುತ್ತೀರಿ ಎಂದುಕೊಳ್ಳಿ. ಆನೋಡಿನಲ್ಲಿ (ಧನ ಎಲೆಕ್ಟ್ರೋಡಿನಲ್ಲಿ) ಹುಟ್ಟಿದ ಅಯೊಡಿನನ್ನು ವಿಟಮಿನ್ ಸಿ ಕೂಡಲೇ ಬಳಸಿಕೊಳ್ಳುತ್ತದೆ. ವಿಟಮಿನ್ ಮುಗಿದ ಮೇಲೆ ಅಯೊಡಿನ್ ಉಳಿಯತೊಡಗಿ ದ್ರಾವಣ ನೀಲಿಯಾಗುತ್ತದೆ. ಅದಕ್ಕೆ 193 ಸೆಕೆಂಡು ಹಿಡಿದರೆ ಹರಿದದ್ದು 1.93 ಕೂಲಾಂ, ಅಂದರೆ 20 ಮೈಕ್ರೋಮೋಲ್ ಎಲೆಕ್ಟ್ರಾನು. ಒಂದು ಅಯೊಡಿನ್ ಅಣುವಿಗೆ ಎರಡು ಎಲೆಕ್ಟ್ರಾನು, ಒಂದು ವಿಟಮಿನ್ ಅಣುವಿಗೆ ಒಂದು ಅಯೊಡಿನ್ ಅಣು. ಹಾಗಾಗಿ ವಿಟಮಿನ್ 10 ಮೈಕ್ರೋಮೋಲ್, ಸುಮಾರು 1.76 ಮಿಲಿಗ್ರಾಂ. ಇಲ್ಲಿ ಬ್ಯೂರೆಟ್ಟಿನ ಕೆಲಸವನ್ನು ಮಾಡಿದ್ದು ಗಡಿಯಾರ. ಕರೆಂಟು ಸ್ಥಿರವಾಗಿಟ್ಟು ಹೀಗೆ ಮಾಡುವುದಕ್ಕೆ ಕೂಲಾಮೆಟ್ರಿಕ್ ಟೈಟ್ರೇಷನ್ ಎನ್ನುತ್ತಾರೆ. ಇನ್ನೊಂದು ಬಗೆಯಲ್ಲಿ ವಿಭವವನ್ನು ಸ್ಥಿರವಾಗಿಡುತ್ತಾರೆ. ಆಗ ವಸ್ತು ಕಡಿಮೆಯಾದಂತೆಲ್ಲ ಕರೆಂಟೂ ಇಳಿಯುತ್ತಾ ಹೋಗುತ್ತದೆ, ಬಹುತೇಕ ಸೊನ್ನೆಗೆ ಬರುವವರೆಗೂ ಹರಿದ ಆವೇಶವನ್ನೆಲ್ಲ ಉಪಕರಣ ಕೂಡಿಸುತ್ತದೆ.

ಇನ್ನು ನಂಬಿಕೆಯ ಮಾತು. ಬ್ಯೂರೆಟ್ಟಿನ ದ್ರಾವಣ ಹಳೆಯದಾಗುತ್ತದೆ, ಗಾಳಿ ತಾಗಿ ಕೆಡುತ್ತದೆ, ಮತ್ತೆ ಮತ್ತೆ ಅದರ ಬಲ ಪರೀಕ್ಷಿಸಬೇಕು. ಎಲೆಕ್ಟ್ರಾನಿಗೆ ಆ ತೊಂದರೆ ಇಲ್ಲ. 2019ರಲ್ಲಿ ಎಸ್‌ಐ (ಅಂತರರಾಷ್ಟ್ರೀಯ ಅಳತೆ ಪದ್ಧತಿಯ) ಮಾನಗಳನ್ನು ಹೊಸದಾಗಿ ವ್ಯಾಖ್ಯಾನಿಸಿದಾಗ ಎಲೆಕ್ಟ್ರಾನಿನ ಆವೇಶವನ್ನೂ ಅವೊಗಾಡ್ರೊ ಸಂಖ್ಯೆಯನ್ನೂ ನಿಖರ ಬೆಲೆಗಳಾಗಿ ನಿಗದಿ ಮಾಡಿದರು. ಅವೆರಡರ ಗುಣಲಬ್ಧವೇ ಫ್ಯಾರಡೆ ಸ್ಥಿರಾಂಕವಾದ್ದರಿಂದ ಈಗ ಅದರಲ್ಲಿ ಅನಿಶ್ಚಿತತೆಯೇ ಉಳಿದಿಲ್ಲ. ಹಿಂದೆ ಲೆಕ್ಕ ತಿರುಗುಮುರುಗಾಗಿತ್ತು ಎಂಬುದು ನನಗೆ ಇಂದಿಗೂ ಸೋಜಿಗ: 1948ರವರೆಗೆ ಬಳಕೆಯಲ್ಲಿದ್ದ ಅಂತರರಾಷ್ಟ್ರೀಯ ಆಂಪಿಯರ್ ಎಂದರೆ, ಬೆಳ್ಳಿಯ ನೈಟ್ರೇಟ್ ದ್ರಾವಣದಿಂದ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಕೂರಿಸುವ ಕರೆಂಟು. ಬೆಳ್ಳಿ ತೂಗಿ ವಿದ್ಯುತ್ತನ್ನು ಅಳೆಯುತ್ತಿದ್ದ ಕಾಲ ಅದು.

ಆದರೆ ಇದೆಲ್ಲ ನಿಲ್ಲುವುದು ಒಂದೇ ಷರತ್ತಿನ ಮೇಲೆ. ಹರಿದ ಪ್ರತಿಯೊಂದು ಎಲೆಕ್ಟ್ರಾನೂ ನಿಮಗೆ ಬೇಕಾದ ಕ್ರಿಯೆಗೇ ಹೋಗಿರಬೇಕು. ಕರೆಂಟಿನ ದಕ್ಷತೆ ನೂರಕ್ಕೆ ನೂರು ಇರಬೇಕು ಎನ್ನುವುದು ಇದಕ್ಕೇ. ಉಪಕರಣಕ್ಕೆ ಎಣಿಸುವುದಷ್ಟೇ ಗೊತ್ತು, ಎಲೆಕ್ಟ್ರಾನು ಎಲ್ಲಿ ಖರ್ಚಾಯಿತೆಂದು ಅದಕ್ಕೆ ತಿಳಿಯದು. ಅದನ್ನು ಕಾಯುವುದು ರಸಾಯನಶಾಸ್ತ್ರದ ಕೆಲಸ.

ಉದಾಹರಣೆಗೆ, ಫೆರಸ್ ಕಬ್ಬಿಣವನ್ನು ನೇರವಾಗಿ ಆನೋಡಿನಲ್ಲಿ ಸ್ಥಿರ ಕರೆಂಟಿನಿಂದ ಉತ್ಕರ್ಷಿಸಲು (ಅದರಿಂದ ಎಲೆಕ್ಟ್ರಾನು ಕಿತ್ತುಕೊಳ್ಳಲು) ಹೊರಟರೆ ಮೊದಮೊದಲು ಎಲ್ಲ ಸರಿ. ಕಬ್ಬಿಣ ಕಡಿಮೆಯಾಗುತ್ತಾ ಬಂದಂತೆ, ಅಷ್ಟು ಕರೆಂಟಿಗೆ ಸಾಕಾಗುವಷ್ಟು ವೇಗದಲ್ಲಿ ಅದು ಎಲೆಕ್ಟ್ರೋಡಿನ ಮೇಲ್ಮೈ ತಲುಪುವುದಿಲ್ಲ. ಕರೆಂಟು ಮಾತ್ರ ಹರಿಯಲೇಬೇಕಲ್ಲ! ವಿಭವ ಏರುತ್ತದೆ, ನೀರೇ ಒಡೆದು ಆಕ್ಸಿಜನ್ ಹೊರಡುತ್ತದೆ, ಆ ಎಲೆಕ್ಟ್ರಾನುಗಳೂ ಕಬ್ಬಿಣದ ಲೆಕ್ಕಕ್ಕೆ ಸೇರುತ್ತವೆ. ಇದಕ್ಕೆ ಹುಡುಕಿಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯದು. ದ್ರಾವಣಕ್ಕೆ ಮೂರು ವೇಲೆನ್ಸಿಯ ಸೀರಿಯಂ ಧಾರಾಳವಾಗಿ ಹಾಕುತ್ತಾರೆ. ಕಬ್ಬಿಣ ಸಾಲದಾದಾಗ ಆನೋಡಿನಲ್ಲಿ ನೀರಿನ ಬದಲು ಸೀರಿಯಂ ಉತ್ಕರ್ಷಣಗೊಂಡು ನಾಲ್ಕು ವೇಲೆನ್ಸಿಗೆ ಏರುತ್ತದೆ, ದ್ರಾವಣದೊಳಕ್ಕೆ ಹೋಗಿ ಉಳಿದ ಕಬ್ಬಿಣವನ್ನು ಹುಡುಕಿ ಉತ್ಕರ್ಷಿಸಿ, ತಾನು ಮತ್ತೆ ಮೂರಕ್ಕೆ ಇಳಿಯುತ್ತದೆ. ಹೀಗೆ ಪ್ರತಿ ಎಲೆಕ್ಟ್ರಾನಿನ ಲೆಕ್ಕವೂ ಕೊನೆಗೆ ಒಂದು ಕಬ್ಬಿಣದ ಅಯಾನಿನ ಹೆಸರಿಗೇ ಬೀಳುತ್ತದೆ.

ನನ್ನ ಕೆಲಸದಲ್ಲಿ ಬಳಸುವ, ನೀರಿನಂಶ ಅಳೆಯುವ ಕಾರ್ಲ್ ಫಿಷರ್ ವಿಧಾನದ ಮೂಲರೂಪ 1935ರದ್ದು. ಅದರ ಕೂಲಾಮೆಟ್ರಿ ರೂಪದಲ್ಲಿ ಅಯೊಡೈಡಿನಿಂದ ಹುಟ್ಟಿದ ಅಯೊಡಿನ್, ಸಲ್ಫರ್ ಡೈಆಕ್ಸೈಡ್ ಜೊತೆ ಸೇರಿ ನೀರನ್ನು ಬಳಸಿಕೊಳ್ಳುತ್ತದೆ. ಒಂದು ಮಿಲಿಗ್ರಾಂ ನೀರಿಗೆ 10.71 ಕೂಲಾಂ. ಇಲ್ಲಿ ಮೋಸ ಮಾಡುವ ಮೊದಲ ವಸ್ತು ಗಾಳಿಯ ತೇವ. ಕ್ರಿಯೆ ನಡೆಯುವ ಪಾತ್ರೆಯನ್ನು, ಅಂದರೆ ಸೆಲ್ಲನ್ನು, ಎಷ್ಟೇ ಬಿಗಿಯಾಗಿ ಮುಚ್ಚಿದರೂ ಒಂದಿಷ್ಟು ಒಳಗೆ ಬರುತ್ತಲೇ ಇರುತ್ತದೆ. ಆ ಡ್ರಿಫ್ಟ್ ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ ಎಂದು ನೋಡಿ, ಅದು ಸ್ಥಿರವಾದ ಮೇಲೆಯೇ ಮಾದರಿಯನ್ನು ಸಿರಿಂಜಿನಿಂದ ಒಳಕ್ಕೆ ಚುಚ್ಚಿ, ಉತ್ತರದಿಂದ ಕಳೆಯಬೇಕು. ಮಾದರಿಯೂ ದಾರಿ ತಪ್ಪಿಸಬಲ್ಲದು. ಅದರಲ್ಲಿ ವಿಟಮಿನ್ ಸಿ ಇದ್ದರೆ ಅದೂ ಅಯೊಡಿನ್ ತಿಂದು ನೀರಿನ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಕೀಟೋನುಗಳು ಮೆಥನಾಲ್ ಜೊತೆ ವರ್ತಿಸಿ ಹೊಸದಾಗಿ ನೀರನ್ನೇ ಹುಟ್ಟಿಸುತ್ತವೆ, ಅದಕ್ಕೆ ಮೆಥನಾಲ್ ಇಲ್ಲದ ಬೇರೆ ದ್ರಾವಣ ಬೇಕು. ಆದ್ದರಿಂದ, ಸಿದ್ಧಾಂತದ ಪ್ರಕಾರ ಕ್ಯಾಲಿಬ್ರೇಷನ್ ಬೇಡವಾದರೂ, ನೀರಿನ ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ಒಂದನ್ನು ಆಗಾಗ ಓಡಿಸಿ ನೋಡಿ ಎಂದೇ ನಾನು ಹೇಳುತ್ತೇನೆ. ಅದರಿಂದ ಪರೀಕ್ಷೆಯಾಗುವುದು ಫ್ಯಾರಡೆ ನಿಯಮ ಅಲ್ಲ, ನಿಮ್ಮ ಸೆಲ್ಲು ಮತ್ತು ನೀವು ಚುಚ್ಚುವ ಕ್ರಮ.

ನೀವು ಈ ವಿಧಾನವನ್ನು ಆರಿಸಿಕೊಳ್ಳುವ ಯೋಚನೆಯಲ್ಲಿದ್ದರೆ ಪ್ರಮಾಣವನ್ನು ಮೊದಲು ಅಂದಾಜು ಮಾಡಿ. ಹತ್ತಾರು ಮೈಕ್ರೋಗ್ರಾಮಿನಿಂದ ಕೆಲವು ಮಿಲಿಗ್ರಾಂವರೆಗಿನ ನೀರಿಗೆ ನಾನು ಬೇರೆ ಯಾವುದನ್ನೂ ಯೋಚಿಸುವುದಿಲ್ಲ. ಆದರೆ 100 ಮಿಲಿಗ್ರಾಂ ನೀರಿದ್ದರೆ 1071 ಕೂಲಾಂ ಬೇಕು. 400 ಮಿಲಿಆಂಪಿಯರ್ ಬಿಡದೆ ಹರಿಸಿದರೂ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತಿನಲ್ಲಿ ಡ್ರಿಫ್ಟಿನ ತಪ್ಪೂ ಬೆಳೆಯುತ್ತದೆ. ಅಂಥ ಮಾದರಿಗೆ ಬ್ಯೂರೆಟ್ಟಿನ ಕಾರ್ಲ್ ಫಿಷರ್ ವಿಧಾನವೇ ಸರಿ.