ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಪೈಲಟ್‌ಗಳ ತರಬೇತಿ ನೆಲೆಯ ಜೀವನ ಹೇಗಿತ್ತು? ಯುದ್ಧರಂಗದಿಂದ ದೂರ, ಸುಖವಾಗಿ ಇರುತ್ತಿದ್ದರಾ?

ದೂರ ಇದ್ದದ್ದು ನಿಜ. ಸುಖ ಅನ್ನೋದು ಅನುಮಾನ.

ನಾನಿರುವುದು ಷಿಕಾಗೊ ಹತ್ತಿರ. ವಾರಕ್ಕೊಮ್ಮೆ ಸಾಮಾನು ತರಲು ಹೋಗುವ ಅಂಗಡಿ ಸಾಲು ಇರುವ ಜಾಗ ಹಿಂದೆ ಗ್ಲೆನ್‌ವ್ಯೂ ನೌಕಾ ವಿಮಾನ ನೆಲೆ. 1995ರಲ್ಲಿ ಅದನ್ನು ಮುಚ್ಚಿದರು. ಹಳೆಯ ಹ್ಯಾಂಗರಿನ ಕಂಟ್ರೋಲ್ ಟವರ್ ಮಾತ್ರ ಈಗಲೂ ಅಂಗಡಿಗಳ ನಡುವೆ ನಿಂತಿದೆ. ಅದನ್ನು ನೋಡಿಯೇ ಈ ಕಥೆಯ ಹುಚ್ಚು ಹತ್ತಿದ್ದು. ಹಾಗಾಗಿ ಗ್ಲೆನ್‌ವ್ಯೂ ಬಗ್ಗೆಯೇ ಹೇಳುತ್ತೇನೆ.

ಇಲ್ಲಿಗೆ ಬರುವ ಹುಡುಗರಿಗೆ ಹಾರಾಟ ಆಗಲೇ ಬರುತ್ತಿತ್ತು. ಫ್ಲಾರಿಡಾದ ಪೆನ್ಸಕೋಲಾದಲ್ಲೋ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲೋ ಕಲಿತು ಮುಗಿಸಿರುತ್ತಿದ್ದರು. ಉಳಿದಿದ್ದು ಒಂದೇ, ಹಡಗಿನ ಮೇಲೆ ಇಳಿಯುವುದು. ಆದರೆ ವಿಮಾನವಾಹಕ ಹಡಗುಗಳೆಲ್ಲ ಯುದ್ಧಕ್ಕೆ ಬೇಕು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟ ಬೇರೆ. ಅದಕ್ಕೆ ನೌಕಾಪಡೆ ಏನು ಮಾಡಿತು ಗೊತ್ತಾ? ಮಹಾ ಸರೋವರಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಎರಡು ಸ್ಟೀಮರ್‌ಗಳನ್ನು ಹಿಡಿದು, ಮೇಲಿನ ಭಾಗ ಕಿತ್ತು, ವಿಮಾನ ಇಳಿಯಲು ಸುಮಾರು 550 ಅಡಿಯ ಡೆಕ್ ಹಾಸಿತು. ಕಲ್ಲಿದ್ದಲು ಉರಿಸುವ, ಪಕ್ಕದಲ್ಲಿ ದೊಡ್ಡ ಚಕ್ರ ತಿರುಗುವ ಹಡಗುಗಳು! 1942ರಲ್ಲಿ ವೂಲ್ವರೀನ್, 1943ರಲ್ಲಿ ಸೇಬಲ್ ಮಿಷಿಗನ್ ಸರೋವರಕ್ಕೆ ಇಳಿದವು.

ಪೈಲಟ್ ಎಂಟು ಸಲ ಡೆಕ್ ಮೇಲೆ ಇಳಿದು, ಎಂಟು ಸಲ ಹಾರಬೇಕು. ಅಷ್ಟೇ ಪರೀಕ್ಷೆ. ಮೊದಲು ನೆಲದ ಮೇಲೆ ಗುರುತು ಹಾಕಿದ ರನ್‌ವೇಯಲ್ಲಿ ಅಭ್ಯಾಸ. ಆಮೇಲೆ ಹಡಗಿಗೆ. ಡೆಕ್‌ನ ಹಿಂತುದಿಯಲ್ಲಿ ಒಬ್ಬ ಅಧಿಕಾರಿ ಎರಡೂ ಕೈಯಲ್ಲಿ ಬ್ಯಾಟಿನಂಥದ್ದನ್ನು ಹಿಡಿದು ಸನ್ನೆ ಮಾಡುತ್ತಿದ್ದ. ಅವನು ಕೈ ಬೀಸಿ ಬೇಡ ಅಂದರೆ ಮತ್ತೆ ಒಂದು ಸುತ್ತು ಹೊಡೆದು ಬರಬೇಕು, ವಾದವಿಲ್ಲ. ನೀರಿಗೆ ಬಿದ್ದರೆ ಬೇಗ ಹೊರಬರಲಿ ಅಂತ ಕಾಕ್‌ಪಿಟ್ಟಿನ ಮುಚ್ಚಳ ತೆರೆದೇ ಇಳಿಯುತ್ತಿದ್ದರು. ಇಲ್ಲಿನ ಜನವರಿ ಚಳಿಯಲ್ಲಿ ನಾನು ಕಾರಿನ ಗಾಜು ಇಳಿಸುವುದಕ್ಕೂ ಹಿಂದೆಮುಂದೆ ನೋಡುತ್ತೇನೆ. ವೈಲ್ಡ್‌ಕ್ಯಾಟ್ ವಿಮಾನದಲ್ಲಂತೂ ಚಕ್ರ ಮೇಲೆತ್ತಲು ಹ್ಯಾಂಡಲನ್ನು ಕೈಯಿಂದ ಸುಮಾರು 30 ಸುತ್ತು ತಿರುಗಿಸಬೇಕಿತ್ತು.

ಆದರೆ ನಿಜವಾದ ತಲೆನೋವು ಗಾಳಿ. ಈ ಹಡಗುಗಳ ವೇಗ ಹೆಚ್ಚೆಂದರೆ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.) ಆಸುಪಾಸು. ಹೆಲ್‌ಕ್ಯಾಟ್, ಅವೆಂಜರ್‌ನಂಥ ಭಾರದ ವಿಮಾನಕ್ಕೆ ಡೆಕ್ ಮೇಲೆ ಸುಮಾರು 30 ನಾಟ್ ಎದುರುಗಾಳಿ ಬೇಕು. ಹಡಗು ಓಡಿದಷ್ಟು ಎದುರುಗಾಳಿ ತಾನೇ ಸಿಗುತ್ತದೆ, ಉಳಿದದ್ದನ್ನು ಸರೋವರದ ಗಾಳಿಯೇ ಕೊಡಬೇಕು. ಕೊಡದಿದ್ದರೆ ಆ ದಿನ ಸುಮ್ನೆ ಕಾಯುವುದು. ಷಿಕಾಗೊಗೆ 'ಗಾಳಿಯ ಊರು' ಅಂತ ಹೆಸರು, ಅಲ್ಲಿ ಗಾಳಿ ಇಲ್ಲ ಅಂತ ಪೈಲಟ್‌ಗಳ ಸಾಲು ಬೆಳೆಯುತ್ತಿತ್ತು! ತೀರಾ ಜನ ಜಾಸ್ತಿಯಾದಾಗ ಹಗುರವಾದ ತರಬೇತಿ ವಿಮಾನದಲ್ಲೇ ಎಂಟು ಇಳಿತ ಮುಗಿಸಿ ಕಳಿಸುತ್ತಿದ್ದರು.

ವಿಮಾನಗಳೂ ಹೊಸವಲ್ಲ, ಎಷ್ಟೋ ಯುದ್ಧದಲ್ಲಿ ಸವೆದು ಬಂದವು. ಡಾಂಟ್‌ಲೆಸ್ ಅನ್ನೋ ಒಂದು ಬಾಂಬರ್ 1942ರಲ್ಲಿ ಪೆಸಿಫಿಕ್‌ನ ಮಿಡ್‌ವೇ ಕದನದಿಂದ 219 ತೂತುಗಳೊಂದಿಗೆ ವಾಪಸ್ ಬಂದಿತ್ತು. ಅದೇ ವಿಮಾನ 1943ರ ಜೂನ್‌ನಲ್ಲಿ ತರಬೇತಿಯ ವೇಳೆ ಈ ಸರೋವರಕ್ಕೆ ಬಿತ್ತು! 1994ರಲ್ಲಿ ಮೇಲೆತ್ತಿದರು, ಈಗ ಪೆನ್ಸಕೋಲಾ ಮ್ಯೂಸಿಯಂನಲ್ಲಿದೆ. ಹೀಗೆ ನೂರಕ್ಕೂ ಹೆಚ್ಚು ವಿಮಾನ ಮುಳುಗಿದವು. ಪ್ರಾಣ ಹೋದವರೂ ಇದ್ದಾರೆ.

ಯುದ್ಧ ಮುಗಿಯುವ ಹೊತ್ತಿಗೆ ಇಲ್ಲಿ ಪಾಸಾದ ಪೈಲಟ್‌ಗಳು 17,000ಕ್ಕೂ ಜಾಸ್ತಿ. ಅವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಕೂಡ ಒಬ್ಬರು. 1943ರ ಆಗಸ್ಟ್‌ನಲ್ಲಿ ಸೇಬಲ್ ಮೇಲೆ ಇಳಿದಾಗ ಅವರಿಗೆ ಬರೀ 19 ವರ್ಷ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವರ ವಿಮಾನವನ್ನು ಜಪಾನೀಯರು ಪೆಸಿಫಿಕ್‌ನಲ್ಲಿ ಹೊಡೆದುರುಳಿಸಿದರು.