ಉಂಡಿರುತ್ತಾಳೆ ಎಂದುಕೊಂಡಿದ್ದರು

ಧಾರವಾಡ ಸೀಮೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರಾಗಿರುವ, 48 ವರ್ಷದ ಹೆಣ್ಣುಮಗಳೊಬ್ಬರ ಪ್ರಕರಣವಿದು. ಗುರುತು ಸಿಗದಂತೆ ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ಶಾಲೆಯ ಮಕ್ಕಳು ಅವರನ್ನು ‘ಅಡಗಿ ಆಯಿ’ ಎಂದು ಕರೆಯುವುದರಿಂದ ನಾನೂ ಆಯಿ ಎಂದೇ ಬರೆಯುತ್ತೇನೆ.

ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಅವರನ್ನು ಕರೆತಂದವರು ಅದೇ ಅಡುಗೆಮನೆಯ ಸಹಾಯಕಿ, ಹದಿನೈದು ವರ್ಷಗಳ ಗೆಳತಿ. “ಈಕಿಗೆ ನಿದ್ದಿ ಇಲ್ರಿ ಅಕ್ಕಾರ, ಸುಮ್ಮಸುಮ್ಮನ ಸಿಟ್ಟಿಗೇಳ್ತಾಳ. ಮೊನ್ನೆ ಮೊಮ್ಮಗನ ತಾಟು ಎತ್ತಿ ಒಗದಾಳ್ರಿ” ಎಂದು ಗೆಳತಿಯೇ ಮಾತು ಆರಂಭಿಸಿದರು. ರೊಟ್ಟಿ ಬೇಡ, ಪಾಕೀಟಿನ ನೂಡಲ್ಸ್ ಬೇಕೆಂದು ಹುಡುಗ ಹಟ ಹಿಡಿದಿದ್ದನಂತೆ. ಅನ್ನದ ಅಗುಳು ನೆಲಕ್ಕೆ ಬಿದ್ದರೂ ಕಣ್ಣಿಗೊತ್ತಿಕೊಳ್ಳುವ ಹೆಣ್ಣುಮಗಳು ತುಂಬಿದ ತಾಟನ್ನು ಎಸೆದಿದ್ದರು, ಆ ರಾತ್ರಿಯೆಲ್ಲ ಅತ್ತಿದ್ದರು. ಅವರನ್ನು ನನ್ನವರೆಗೆ ತಂದದ್ದು ಸಿಟ್ಟಲ್ಲ, ತಾಟು ಎಸೆದ ನಾಚಿಕೆ.

ಸಿಟ್ಟಿನ ವಿಷಯವನ್ನು ಬದಿಗಿಟ್ಟು, ಹಿಂದಿನ ದಿನ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ ಎಂದು ಕೇಳಿದೆ. ನಸುಕಿನ ಐದಕ್ಕೆ ಎದ್ದು ಮನೆಯವರಿಗೆ ಇಪ್ಪತ್ತು ಜೋಳದ ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಎಂಟೂವರೆಗೆ ಶಾಲೆ ಸೇರುತ್ತಾರೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂದ ಮೇಲೆ ದಿನದ ಮೊದಲ ಕೆಲಸ ಅದೇ: ಮಗುವಿಗೆ 18 ಗ್ರಾಂ ಪುಡಿಯಂತೆ 140 ಮಕ್ಕಳಿಗೆ ಎರಡೂವರೆ ಕಿಲೋ ಪುಡಿಯನ್ನು ಗಂಟಾಗದಂತೆ ಕದಡಿ ಕಾಯಿಸಬೇಕು. ಅನಂತರ ಅಡುಗೆ. ಐದನೆಯ ತರಗತಿಯವರೆಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರರಿಂದ ಎಂಟರವರಿಗೆ 150 ಮತ್ತು 30. ಈ ಲೆಕ್ಕದಲ್ಲಿ ಅವರ ಒಲೆಯ ಮೇಲೆ ದಿನಕ್ಕೆ 17 ಕಿಲೋ ಅಕ್ಕಿ, 3 ಕಿಲೋ 400 ಗ್ರಾಂ ಬೇಳೆ ಬೇಯುತ್ತದೆ. ಇದನ್ನು ಹೇಳುವಾಗ ಅವರ ದನಿಯೇ ಬದಲಾಯಿತು. ನುಗ್ಗೆಸೊಪ್ಪನ್ನು ಮಕ್ಕಳು ಆರಿಸಿ ಪಕ್ಕಕ್ಕಿಡುತ್ತಾರೆಂದು ಸಣ್ಣಗೆ ಹೆಚ್ಚಿ ಬೇಳೆಯ ಜೊತೆಗೇ ಬೇಯಿಸುತ್ತೇನೆ, ಸೊಪ್ಪು ಹಾಕಿದ್ದು ಯಾರಿಗೂ ತಿಳಿಯುವುದಿಲ್ಲ ಎಂದು ಬಹಳ ಅಕ್ಕರೆಯಿಂದ ವಿವರಿಸಿದರು.

“ನೀವು ಯಾವಾಗ ಉಂಡಿರಿ?” ಎಂದೆ. ಬಲಗೈಯನ್ನು ಚಾಚಿ ಅಂಗೈಯನ್ನು ಬಟ್ಟಲಿನಂತೆ ಮಡಚಿ ತೋರಿಸಿದರು. ಉಪ್ಪು ಹುಳಿ ಸರಿಯಾಗಿದೆಯೇ ಎಂದು ನೋಡಲು ಸೌಟಿನಿಂದ ಅಂಗೈಗೆ ಬಿಟ್ಟುಕೊಳ್ಳುವ ಒಂದು ಗುಟುಕು ಸಾರು. ಮಧ್ಯಾಹ್ನ ಮೂರರವರೆಗೆ ಅವರ ಹೊಟ್ಟೆಗೆ ಬೀಳುತ್ತಿದ್ದದ್ದು ಅದು, ಮತ್ತು ನಾಲ್ಕು ಸಲ ಚಹಾ. ಪಾತ್ರೆ ತೊಳೆದು ಮನೆಗೆ ಬಂದರೆ ಬುಟ್ಟಿಯ ತಳದಲ್ಲಿ ಉಳಿದ ತಣ್ಣನೆಯ ಒಂದು ರೊಟ್ಟಿ. ಅದನ್ನೂ ನಿಂತೇ ತಿನ್ನುವುದು. ರಾತ್ರಿ ಎಲ್ಲರದೂ ಮುಗಿದ ಮೇಲೆ ಉಳಿದದ್ದು.

ಮನಸ್ಸಿನ ಮಾತಿಗೆ ಮೊದಲು ಮೈಯ ಪರೀಕ್ಷೆಯಾಗಲಿ ಎಂದು ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ. ಹೆಂಗಸರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಕನಿಷ್ಠ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಅವರಲ್ಲಿ 8.6 ಇತ್ತು. ಮುಟ್ಟು ನಿಲ್ಲುವ ವಯಸ್ಸಿನ ಹೆಚ್ಚಿನ ಸ್ರಾವವೂ ಒಂದು ಕಾರಣವೆಂದು ವೈದ್ಯರು ಹೇಳಿ, ಅದಕ್ಕೆ ಚಿಕಿತ್ಸೆಯನ್ನೂ ಕಬ್ಬಿಣಾಂಶದ ಮಾತ್ರೆಯನ್ನೂ ಆರಂಭಿಸಿದರು. ಆಯಾಸ, ಎದೆಬಡಿತ, ಸಿಡಿಮಿಡಿಗಳಿಗೆ ರಕ್ತಹೀನತೆಯೇ ಕಾರಣವಾಗಿರಬಹುದಾದಾಗ ಅವನ್ನು ಸ್ವಭಾವದ ದೋಷವೆಂದು ಎಣಿಸುವುದು ಅನ್ಯಾಯ ಎಂಬುದನ್ನು ನನ್ನ ವೃತ್ತಿಯವರು ಸದಾ ನೆನಪಿಡಬೇಕು.

ಮೊದಲ ಭೇಟಿಯಲ್ಲಿ ನಾನು ಕೊಟ್ಟ ಒಂದು ಸಲಹೆ ತಪ್ಪಾಗಿತ್ತು. ಮನೆಯ ಅಡುಗೆಯನ್ನು ಪೂರ್ತಿಯಾಗಿ ಸೊಸೆಗೆ ಬಿಟ್ಟುಕೊಡಿ ಎಂದಿದ್ದೆ. ಎರಡು ವಾರಗಳಲ್ಲಿ ಅವರು ಇನ್ನಷ್ಟು ಕುಗ್ಗಿ ಬಂದರು. “ನನ್ನ ಕೈ ಯಾರಿಗೂ ಬ್ಯಾಡಾತು” ಎಂದರು. ಅಡುಗೆ ಅವರಿಗೆ ಹೊರೆಯಾಗಿರಲಿಲ್ಲ. ಬಡಿಸಿದ ಮೇಲೆ ಅವರನ್ನು ಯಾರೂ ಕೇಳುತ್ತಿರಲಿಲ್ಲ, ನೋವಿದ್ದದ್ದು ಅಲ್ಲಿ.

ಆದ್ದರಿಂದ ಗಂಡ, ಮಗ, ಸೊಸೆ ಮೂವರನ್ನೂ ಕರೆಸಿ, ಅವರ ಮುಂದೆಯೇ ಆಯಿಯಿಂದ ಆ ಅಂಗೈಯ ಲೆಕ್ಕವನ್ನು ಹೇಳಿಸಿದೆ. ಗಂಡ ಬಹಳ ಹೊತ್ತು ತಲೆ ಎತ್ತಲಿಲ್ಲ. “ಸಾಲ್ಯಾಗ ಅಷ್ಟು ಮಂದಿಗೆ ಮಾಡಿ ಹಾಕ್ತಾಳ, ಅಲ್ಲೇ ಉಂಡಿರ್ತಾಳ ಅಂತ ತಿಳ್ಕೊಂಡಿದ್ವಿ ರೀ” ಎಂದರು. ಗೆಳತಿಯನ್ನು ವಿಚಾರಿಸಿದಾಗ ಗೊತ್ತಾಯಿತು, ಆಯಿ ಮನೆಯಲ್ಲಿ ಉಂಡು ಬಂದಿರುತ್ತಾರೆ ಎಂದು ಶಾಲೆಯವರು ತಿಳಿದಿದ್ದರು. ಯಾರಲ್ಲೂ ಕೇಡಿನ ಮನಸ್ಸಿರಲಿಲ್ಲ. ಅಡುಗೆ ಮಾಡುವವರಿಗೆ ಹಸಿವಿರುವುದಿಲ್ಲ ಎಂಬ ನಂಬಿಕೆ ಎರಡೂ ಕಡೆ ಇತ್ತು, ಆಯಿಗೂ ಇತ್ತು.

ಆ ದಿನ ಒಟ್ಟಿಗೆ ಕುಳಿತು ಒಪ್ಪಿಕೊಂಡದ್ದು ಇಷ್ಟು. ಬೆಳಗ್ಗೆ ಮೊದಲ ಎರಡು ಬಿಸಿ ರೊಟ್ಟಿ ಆಯಿಯ ತಾಟಿಗೆ, ಜೊತೆಗೆ ಮೊಳಕೆ ಬರಿಸಿದ ಹೆಸರುಕಾಳಿನ ಪಲ್ಯ ಅಥವಾ ಪುಂಡಿಪಲ್ಯ, ಗುರೆಳ್ಳಿನ ಹಿಂಡಿ (ಚಟ್ನಿಪುಡಿ), ಹಿಂಡಲು ಅರ್ಧ ಲಿಂಬೆ. ಇವೆಲ್ಲ ಅವರ ಮನೆಯಲ್ಲಿ ಇದ್ದ ಪದಾರ್ಥಗಳೇ. ಅಂಗಡಿಯ ಶಕ್ತಿಪುಡಿಗಳಿಗೆ ಹಣ ಸುರಿಯಬೇಡಿರೆಂದು ಸ್ಪಷ್ಟವಾಗಿ ಹೇಳಿದೆ. ಚಹಾ ಕಬ್ಬಿಣಾಂಶವನ್ನು ಮೈಗೆ ಪೂರ್ತಿಯಾಗಿ ಹತ್ತಗೊಡುವುದಿಲ್ಲವಾದ್ದರಿಂದ ಊಟಕ್ಕೂ ಮಾತ್ರೆಗೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಬೇಕು. ಮಕ್ಕಳ ಪಂಕ್ತಿ ಎದ್ದ ಮೇಲೆ, ಪಾತ್ರೆಗೆ ಕೈಹಾಕುವ ಮೊದಲು, ಗೆಳತಿಯರಿಬ್ಬರೂ ಶಾಲೆಯ ಕಟ್ಟೆಯ ಮೇಲೆ ಕುಳಿತು ಉಣ್ಣಬೇಕು. ಈ ಹೊಣೆಯನ್ನು ಗೆಳತಿ ತಾವಾಗಿ ವಹಿಸಿಕೊಂಡರು. ರಾತ್ರಿ ಬುಟ್ಟಿ ನಡುವೆ ಇಟ್ಟು ಐವರೂ ಒಟ್ಟಿಗೆ ಕೂರಬೇಕು, ಮೊಬೈಲ್ ಗೂಡಿನಲ್ಲಿರಬೇಕು. ಮೊಮ್ಮಗನ ನೂಡಲ್ಸ್ ಬಗ್ಗೆ ಜಗಳ ಬೇಡ, ಆದರೆ ಅವನು ಅಜ್ಜಿಯ ಬಳಿ ಕುಳಿತು ಹಿಟ್ಟು ಮುಟ್ಟಲಿ ಎಂದೆ.

ಎಲ್ಲವೂ ನಡೆಯಲಿಲ್ಲ. ಮಗ ರಾತ್ರಿ ತಡವಾಗಿಯೇ ಬರುತ್ತಾನೆ, ವಾರದಲ್ಲಿ ಮೂರು ದಿನ ಮಾತ್ರ ಜೊತೆಗೆ ಉಣ್ಣುತ್ತಾನೆ. ಸೊಸೆ ಮಾತ್ರ, ಯಾರೂ ಹೇಳದೆ, ಮಧ್ಯಾಹ್ನ ಮೂರಕ್ಕೆ ಅತ್ತೆಗೆಂದು ಮಜ್ಜಿಗೆ ಕಡೆದು ಇಡತೊಡಗಿದಳು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 10.9ಕ್ಕೆ ಏರಿತು, ನಿದ್ದೆ ಮರಳಿತು. ಮಾತ್ರೆ ಇನ್ನೂ ನಡೆದಿದೆ.

ಎಳ್ಳಮಾವಾಸ್ಯೆ ಕಳೆದ ವಾರ ಅವರು ಸಜ್ಜೆ ರೊಟ್ಟಿಯ ಗಂಟಿನೊಂದಿಗೆ ಬಂದರು. ಹೊಲದಲ್ಲಿ ಚರಗ (ಭೂತಾಯಿಗೆ ಅರ್ಪಿಸುವ ಎಡೆ) ಚೆಲ್ಲಿದ ಮೇಲೆ ಗೆಳತಿಯರು ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರಂತೆ, ಬಡಿಸಿದವರು ಗಂಡನಂತೆ. “ಪಲ್ಯಾಕ ಉಪ್ಪು ಕಡಿಮಿ ಆಗಿತ್ತರಿ ಅಕ್ಕಾರ,” ಎಂದು ಗಂಟು ಬಿಚ್ಚುತ್ತ ಹೇಳಿದರು, “ಖರೆ, ನಾ ಏಳಲಿಲ್ಲ.”