ನಾದಿರಾ ಅಂದರೆ ಸಾರಾ ಅವರೇನಾ?

ಸಾರಾ ಅಬೂಬಕ್ಕರ್ ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಓದಿದ ಹೊರಗಿನವರು ನಮ್ಮನ್ನು ಕೇಳುವ ಪ್ರಶ್ನೆಯನ್ನೇ ನೀವೂ ಕೇಳಿದ್ದೀರಿ. ಅದರ ನಾಯಕಿ ನಾದಿರಾಳ ಕಥೆ ಸಾರಾ ಅವರ ಸ್ವಂತ ಕಥೆಯಾ? ಅಲ್ಲ. ಆದರೆ ಅವರ ಬಾಲ್ಯ ಇಲ್ಲದಿದ್ದರೆ ನಾದಿರಾ ಹುಟ್ಟುತ್ತಿರಲಿಲ್ಲ ಎಂದು ಇದೇ ಕಾಸರಗೋಡಿನಲ್ಲಿ ಬೆಳೆದ ನನಗೆ ಅನಿಸುತ್ತದೆ.

ಸಾರಾ ಹುಟ್ಟಿದ್ದು 1936ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದ್ದು 1956ರಲ್ಲಿ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು, ಇದು ಇಲ್ಲಿ ಮಾಮೂಲು. ಸಾರಾ ಅವರ ಮನೆಮಾತು ಮಲಯಾಳ, ಕಲಿತದ್ದು ಕನ್ನಡ ಶಾಲೆಯಲ್ಲಿ. ಮನೆಯೊಳಗೆ ಮಲಯಾಳದಲ್ಲಿ ಕೇಳಿದ ಮಾತುಗಳನ್ನು ಅವರು ಕನ್ನಡದಲ್ಲಿ ಬರೆದರು.

ಅವರದು ಹಸಿವಿನ ಬಾಲ್ಯವಲ್ಲ. ತಂದೆ ವಕೀಲರು. ಇಲ್ಲಿನ ಮುಸ್ಲಿಂ ಹುಡುಗಿಯರಲ್ಲಿ ಹೈಸ್ಕೂಲಿನವರೆಗೆ ಓದಿದ ಮೊದಲಿಗರಲ್ಲಿ ಸಾರಾ ಒಬ್ಬರು. ಕಷ್ಟ ಶುರುವಾದದ್ದು ಅಲ್ಲಿಂದ ಮುಂದೆ. ಕಾಲೇಜಿನ ಆಸೆ ಇತ್ತು, ಸಮುದಾಯದ ಕಟ್ಟುಪಾಡು ಬಿಡಲಿಲ್ಲ. ಮದುವೆಯಾಯಿತು. ಒಂದು ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ. ಓದುವ ಹುಚ್ಚಿರುವವರಿಗೆ ಇದು ಎಂಥ ನೋವು ಅಂತ ಯೋಚಿಸಿ. ಅಷ್ಟಾದರೂ ಓದಲು ಸಿಕ್ಕಿದ್ದು ಇವರಿಗೆ. ಇವರ ವಯಸ್ಸಿನ ಎಷ್ಟೋ ಹುಡುಗಿಯರಿಗೆ ಅದೂ ಇರಲಿಲ್ಲ. ಎಳವೆಯಲ್ಲೇ ಮದುವೆ ಮಾಡಿಕೊಡುತ್ತಿದ್ದರು. ಚಂದ್ರಗಿರಿ ಹೊಳೆಯ ಆಚೆ ದಡಕ್ಕೆ ಕೊಟ್ಟರಂತೂ ತವರಿಗೆ ಬರಬೇಕಾದರೆ ಯಾರಾದರೂ ಜೊತೆಗೆ ಬಂದು ಕಡವು ದಾಟಿಸಬೇಕಿತ್ತು.

ಕಾದಂಬರಿಯಲ್ಲಿ ಬರುವುದು ಆ ಹುಡುಗಿಯರೇ ಎಂದು ನಾನು ನಂಬಿದ್ದೇನೆ. ತಾಯಿ ಫಾತಿಮ್ಮನಿಗೆ ಗಂಡನ ಎದುರು ಮಾತೇ ಹೊರಡುವುದಿಲ್ಲ. ಮಗಳು ನಾದಿರಾ ಗಂಡ ರಶೀದನ ಜೊತೆ ಸುಖವಾಗಿದ್ದಳು. ದುಡ್ಡಿನ ವಿಷಯಕ್ಕೆ ಅಳಿಯನ ಮೇಲೆ ಮುನಿದ ಅಪ್ಪ ಅವಳನ್ನು ತವರಿಗೆ ಕರೆತಂದು ತಲಾಖ್ ಆಗುವಂತೆ ಮಾಡುತ್ತಾನೆ. ಗಂಡ ಹೆಂಡತಿ ಇಬ್ಬರಿಗೂ ಮತ್ತೆ ಒಂದಾಗಬೇಕು. ಅದಕ್ಕೆ ಮೊದಲು ಅವಳು ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಅವನಿಂದಲೂ ತಲಾಖ್ ಪಡೆಯಬೇಕು, ಧರ್ಮದ ನಿಯಮ ಹಾಗಿದೆ ಅನ್ನುತ್ತಾರೆ. ಅವಳು ಮಸೀದಿಯ ಕೆರೆಗೆ ಇಳಿದು ಪ್ರಾಣ ಬಿಡುತ್ತಾಳೆ. ನಿರ್ಧಾರ ಮಾಡುವವರೆಲ್ಲ ಗಂಡಸರು. ಯಾರ ಬದುಕೋ ಅವಳನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಾರೆ. ಕಾಲೇಜಿನ ಬಾಗಿಲು ಮುಚ್ಚಿದಾಗ ಸಾರಾ ಅವರಿಗೆ ಆದದ್ದೂ ಇದೇ ಅಲ್ವಾ? ಘಟನೆ ಬೇರೆ, ಸಂಕಟ ಒಂದೇ.

1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಬಂದಾಗ ಕನ್ನಡದ ಓದುಗರು ಆ ಒಳಮನೆಯನ್ನು ಅಲ್ಲಿ ಬೆಳೆದವರ ಕಣ್ಣಿನಿಂದಲೇ ನೋಡಿದರು. ಅದಕ್ಕೆ ಅಷ್ಟು ನಾಟಿತು.

ಬಾಲ್ಯ ಹೀಗೆ ಪಾತ್ರವಾಗುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಉದಾಹರಣೆ ಇದೆ. ಸುಬ್ರಹ್ಮಣ್ಯದ ಹತ್ತಿರದ ಕುಳಕುಂದದ ಕಾದಂಬರಿಕಾರ ನಿರಂಜನರು ಹೈಸ್ಕೂಲು ಓದಿದ್ದು ನೀಲೇಶ್ವರದಲ್ಲಿ. ಕಯ್ಯೂರು ಅಲ್ಲಿಗೆ ಹತ್ತಿರ. ಅಲ್ಲಿನ 1941ರ ರೈತ ಹೋರಾಟದ ಸಂಬಂಧ 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಆ ಹೋರಾಟದ ಬಗ್ಗೆ ಅವರು ಬರೆದ ಕಾದಂಬರಿ ‘ಚಿರಸ್ಮರಣೆ’ ಬಂದದ್ದು 1955ರಲ್ಲಿ. ಅದರ ಅಪ್ಪು, ಚಿರುಕಂಡರನ್ನು ಓದುವಾಗ ದೂರದಲ್ಲಿ ಕೂತು ಸುಮ್ನೆ ಕಲ್ಪಿಸಿ ಬರೆದದ್ದು ಅನಿಸುವುದೇ ಇಲ್ಲ.

ಸಾರಾ ಅವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರ ಕಾದಂಬರಿಯಲ್ಲಿ ಗಂಡಸರೆಲ್ಲ ಕ್ರೂರಿಗಳು ಎಂದು ಕೆಲವರು ದೂರುತ್ತಾರೆ. ಹಾಗಾದರೆ ರಶೀದ್ ಯಾರು? ಹೆಂಡತಿಯನ್ನು ಮನಸಾರೆ ಪ್ರೀತಿಸುವ ಗಂಡಸು ಅವನು. ಎಷ್ಟು ಜನ ಏನೇ ಹೇಳಿದರೂ ಅವಳೇ ಬೇಕು ಅನ್ನುವವನು. ಹಠಮಾರಿ ಅಪ್ಪನ ಎದುರಿಗೆ ಇಂಥವನೊಬ್ಬನನ್ನು ನಿಲ್ಲಿಸುವುದು ಸಾರಾ ಅವರಿಗೆ ಸಾಧ್ಯವಾಯಿತು. ಯಾಕೆಂದರೆ ಊರಿನವರು ಹೆಣ್ಣುಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡ ಕಾಲದಲ್ಲಿ ಮಗಳನ್ನು ಶಾಲೆಗೆ ಕಳಿಸಿದ ತಂದೆಯೊಬ್ಬರು ಅವರ ಬಾಲ್ಯದಲ್ಲಿದ್ದರು.